ಬಕೆಟ್ಟಿನ ಪುದೀನ

ತಾಂಬ್ಡಿ ಸುರ್ಲದ ಮಹಾದೇವಾ, ವಾಸ್ಕೋದಿಂದ ನಿನ್ನ ಗುಡಿ ದೂರ. ದಿನಾ ಬರಲಾರೆ. ಅಡುಗೆಮನೆಯ ಕಿಟಕಿಯಲ್ಲೇ ನಿಂತು ಕೈಮುಗಿಯುತ್ತೇನೆ. ಕಿಟಕಿಯ ಹೊರಗೆ ಹಳೇ ಪೇಂಟಿನ ಬಕೆಟ್ಟು, ಬಕೆಟ್ಟಿನಲ್ಲಿ ಪುದೀನ. ಇವತ್ತು ನಿನಗೆ ಒಪ್ಪಿಸಲು ಇರುವುದು ಅದೊಂದೇ. ಬಿಲ್ವವಲ್ಲ, ಕ್ಷಮಿಸು.

ಗೋವೆಯ ಕದಂಬರ ಕಾಲದ, 12ನೇ ಶತಮಾನದ ಗುಡಿ ನಿನ್ನದು. ಅದರ ಕರಿಕಲ್ಲು ಘಟ್ಟದ ಮೇಲಿಂದ ಬಂದದ್ದೆಂದು ಹೇಳುತ್ತಾರೆ. ನನ್ನ ಪುದೀನವೂ ಘಟ್ಟ ಇಳಿದೇ ಬಂತು, ಬೆಳಗಾವಿಯ ತರಕಾರಿ ಗಾಡಿಯಲ್ಲಿ. ನಾವೂ ಹಾಗೇ ಬಂದವರು. ಇಲ್ಲಿ ಕೆಲವರು ನಮ್ಮನ್ನು 'ಘಾಂಟಿ', ಅಂದರೆ ಘಟ್ಟದವರು, ಎಂದು ಹೀಗಳೆಯುತ್ತಾರೆ. ಮೊದಮೊದಲು ನೋಯುತ್ತಿತ್ತು. ಈಗ ನಿನ್ನ ಕಲ್ಲನ್ನು ನೆನೆದು ಸುಮ್ಮನಾಗುತ್ತೇನೆ.

ಎಲೆ ಬಿಡಿಸಿ ಉಳಿದ ದಂಟನ್ನು ಎಸೆಯಲು ಮನಸ್ಸು ಬರಲಿಲ್ಲ. ಮಣ್ಣಿಗೆ ಚುಚ್ಚಿದೆ. ಬೇರು ಬಿಟ್ಟಿತು. ಬೀಜ ಬೇಡಲಿಲ್ಲ, ಗೊಬ್ಬರ ಬೇಡಲಿಲ್ಲ. ಇಷ್ಟು ಕಡಿಮೆ ಬೇಡುವ ಜೀವವನ್ನು ನನ್ನ ಕಣ್ಣೆದುರು ಇಟ್ಟೆಯಲ್ಲ, ಅದಕ್ಕೆ ಶರಣು.

ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ, ಉಂಡದ್ದೂ ಕರಗುವುದಿಲ್ಲ. ಆಗ ಮಜ್ಜಿಗೆಗೆ ನಾಲ್ಕು ಎಲೆ, ಹುರಿದ ಜೀರಿಗೆ, ಸೈಂಧವ ಲವಣ. ಹೊಟ್ಟೆಯುಬ್ಬರ ಇಳಿಯುತ್ತದೆ. ನೆಗಡಿಗೆ ಎಲೆ ಹಾಕಿದ ನೀರಿನ ಹಬೆ. ಬಾಯಿ ಕೆಟ್ಟರೆ ಚಟ್ನಿ. ಆಯುರ್ವೇದ ಇದನ್ನು ಪೂತಿಹಾ ಎಂದು ಕರೆಯಿತು. ರುಚಿ ತರುವುದು, ಹಸಿವು ಕೆರಳಿಸುವುದು, ವಾತ ಕಫಗಳನ್ನು ತಗ್ಗಿಸುವುದು ಎಂದು ಗುಣ ಹೇಳಿತು.

ಒಂದು ಮಾತು ಮಾತ್ರ ನನಗೆ ಬಹಳ ದಿನ ಒಗಟಾಗಿತ್ತು, ತಂದೆ. ನಾಲಿಗೆಗೆ ಇಷ್ಟು ತಂಪಾದ ಎಲೆಗೆ ವೈದ್ಯರು ಉಷ್ಣವೀರ್ಯ ಅಂದರು. ಆಮೇಲೆ ಓದಿದೆ: ಪುದೀನದ ಜಾತಿಯ ಗಿಡಗಳಲ್ಲಿರುವ ಮೆಂಥಾಲ್ ಏನನ್ನೂ ತಣ್ಣಗೆ ಮಾಡುವುದಿಲ್ಲವಂತೆ. ಚಳಿಯನ್ನು ತಿಳಿಯುವ ನರದ ಬಾಗಿಲನ್ನು ತಟ್ಟುತ್ತದೆ, ಅಷ್ಟೇ. ಬಿಸಿ, ಚಳಿ, ಸ್ಪರ್ಶಗಳ ಇಂಥ ಬಾಗಿಲುಗಳನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಎರಡು ಶಾಸ್ತ್ರಗಳೂ ಒಂದನ್ನೇ ಹೇಳಿದವೆಂದು ಜಂಬ ಕೊಚ್ಚಲಾರೆ. ನಾಲಿಗೆಯ ಮಾತನ್ನು ಪೂರ್ತಿ ನಂಬಬಾರದೆಂದು ಮಾತ್ರ ಕಲಿತೆ.

ಕಲಿಯುವ ಮೊದಲು ತಪ್ಪಿದ್ದೂ ಉಂಟು. ಮನೆಯವರಿಗೆ ಎದೆಯುರಿ. ತಂಪೆಂದು ರಾತ್ರಿ ಪುದೀನ ಕಷಾಯ ಕುಡಿಸಿದೆ. ಉರಿ ಹೆಚ್ಚಿತು, ಬೆಳಗಿನ ತನಕ ಕೂತೇ ಇದ್ದರು. ಅನ್ನನಾಳದ ಬುಡದ ಬಿಗಿಯನ್ನು ಅದು ಸಡಿಲಿಸುತ್ತದೆ, ಹುಳಿ ಮೇಲೇರುತ್ತದೆ ಎಂದು ಡಾಕ್ಟರರು ತಿಳಿಸಿದರು. ಎಲೆಯ ತಪ್ಪಲ್ಲ, ನನ್ನ ಆತುರ. ಮನ್ನಿಸು. ಪುದೀನ ಸತ್ವದ, ಅಂದರೆ ಆ ಮೆಂಥಾಲಿನ, ಘಾಟನ್ನು ಹಸುಗೂಸಿನ ಮೂಗಿನ ಹತ್ತಿರ ಯಾವ ತಾಯಿಯೂ ಒಯ್ಯದಂತೆ ಕಾಯಿ. ಕೂಸಿನ ಉಸಿರೇ ಕಟ್ಟೀತು.

ಆ ಸತ್ವ, ಓಮದ ಸತ್ವ, ಕರ್ಪೂರ, ಮೂರನ್ನೂ ಒಂದು ಶೀಶೆಗೆ ಹಾಕಿದರೆ ಬೆಂಕಿಯಿಲ್ಲದೆ, ನೀರಿಲ್ಲದೆ ಕರಗಿ ದ್ರವವಾಗುತ್ತವೆ. ಅದೇ ಅಮೃತಧಾರೆ. ಮೂರು ಗಟ್ಟಿಗಳು ಹೀಗೆ ಕರಗುವುದನ್ನು ಮೊದಲ ಸಲ ಕಂಡ ದಿನ ನಿನ್ನನ್ನೇ ನೆನೆದೆ.

ಎಲೆಗೆ ಆಗದ್ದನ್ನು ಎಲೆಯಿಂದ ಕೇಳದಿರುವ ಬುದ್ಧಿ ಕೊಡು. ಪೆಡ್ನೆ ಕಡೆಯ ಧಾರ್ಗಳದಲ್ಲಿ 2022ರಿಂದ ಅಖಿಲ ಭಾರತ ಆಯುರ್ವೇದ ಸಂಸ್ಥೆಯ ಆಸ್ಪತ್ರೆಯಿದೆ. ಜಡ್ಡು ಜಗ್ಗದಿದ್ದರೆ ಅಲ್ಲಿಗೋ ಇನ್ನೊಬ್ಬ ಡಾಕ್ಟರರಲ್ಲಿಗೋ ಹೊತ್ತು ಮೀರುವ ಮೊದಲೇ ಹೊರಡಿಸು.

ಪಕ್ಕದ ಮನೆಯ ಕೊಂಕಣಿ ಬಾಯಿ ನಿನ್ನೆ ಒಂದು ದಂಟು ಕೇಳಿದ್ದಾರೆ. ಸಂಜೆ ಕೊಡುತ್ತೇನೆ. ಅವರ ಕುಂಡದಲ್ಲೂ ಬೇರು ಬಿಡಿಸು, ಸ್ವಾಮಿ.