ಕಡಲ ಸುಗ್ಗಿಗೆ ಕಾರಣ ಯಾವುದು?

ಅಮೆರಿಕದ ಈಶಾನ್ಯ ಅಂಚಿನಿಂದ ಕೆನಡಾದವರೆಗೆ ಹಬ್ಬಿರುವ ಮೇನ್ ಕೊಲ್ಲಿಯಲ್ಲಿ ನೀರು ಅತಿ ತಣ್ಣಗಾಗುವುದು ಚಳಿಗಾಲದ ನಟ್ಟನಡುವೆ ಅಲ್ಲ, ಅದು ಮುಗಿಯುತ್ತ ಬಂದಾಗ. ನೆಲ ಬೇಗ ಬಿಸಿಯಾಗುತ್ತದೆ, ಕಡಲಿಗೆ ಆ ಅವಸರವಿಲ್ಲ. ಮಾರ್ಚ್‌ನಲ್ಲಿ ನೀರು ಇನ್ನೂ ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವಾಗಲೇ ನವುರಾದ ರೇಷ್ಮೆಬಲೆಯಂಥದ್ದನ್ನು ದೋಣಿಯ ಹಿಂದೆ ಎಳೆದರೆ, ತುದಿಯ ಬಾಟಲಿಯಲ್ಲಿ ಕಂದು ಲೋಳೆ ತುಂಬಿಕೊಂಡು ಬರುತ್ತದೆ. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು. ದುಂಡು ಬಿಲ್ಲೆಗಳು ನಡುಮಧ್ಯದ ಒಂದೇ ಎಳೆಗೆ ಪೋಣಿಸಿಕೊಂಡು ಸಾಲಾಗಿ ನಿಂತಿರುತ್ತವೆ, ಅದು ಥಲಾಸಿಯೊಸೈರ. ಮೈಯಿಂದ ಉದ್ದುದ್ದ ಮುಳ್ಳು ಚಾಚಿಕೊಂಡ ಸರಪಳಿ ಕೀಟೊಸೆರಸ್. ಎರಡೂ ಡಯಾಟಮ್ ಎಂಬ ಏಕಕೋಶ ಪಾಚಿಗಳು. ಮೈಮೇಲೆ ಸಿಲಿಕಾದ ಕವಚ, ಒಳಗಿನ ಹಸಿರನ್ನು ಮುಚ್ಚುವ ಕಂದು ವರ್ಣದ್ರವ್ಯ. ಜನವರಿಯಲ್ಲಿ ಹುಡುಕಿದರೂ ಅಪರೂಪವಾಗಿದ್ದವು ಈಗ ಲೀಟರಿಗೆ ಲಕ್ಷಗಟ್ಟಲೆ.

ಇದಕ್ಕೆ ವಿಜ್ಞಾನಿಗಳು ವಸಂತದ ಬ್ಲೂಮ್ ಎನ್ನುತ್ತಾರೆ. ನಾವು ಸುಗ್ಗಿ ಎನ್ನೋಣ. ಕೆಲವು ವಾರಗಳಲ್ಲಿ ನೀರಿನ ನೈಟ್ರೇಟು, ಸಿಲಿಕೇಟು ಖಾಲಿಯಾಗಿ ಡಯಾಟಮ್‌ಗಳು ತಳಕ್ಕಿಳಿಯುತ್ತವೆ. ಬೇಸಿಗೆ ಪೂರ್ತಿ ಬಾಲವಾಡಿಸಿ ಈಜಬಲ್ಲ ಸಣ್ಣ ಪಾಚಿಗಳ ಕಾರುಬಾರು. ಶರತ್ಕಾಲದ ಗಾಳಿ ನೀರನ್ನು ಕಲಕಿ ಆಳದ ಪೋಷಕಾಂಶವನ್ನು ಮೇಲೆತ್ತಿದಾಗ ಇನ್ನೊಂದು ಸಣ್ಣ ಬೆಳೆ. ಆಮೇಲೆ ಕತ್ತಲೆಯ ಚಳಿಗಾಲ.

ಹಾಗಾದರೆ ಸುಗ್ಗಿಗೆ ಕಾರಣ ಯಾವುದು? ಕಡಲಶಾಸ್ತ್ರದವರು ನೂರು ವರ್ಷಗಳಿಂದ ಇದನ್ನು ಕೇಳುತ್ತಲೇ ಇದ್ದಾರೆ, ಉತ್ತರ ಬದಲಾಗುತ್ತಲೇ ಇದೆ. ತೊಡಕಿರುವುದು ನೀರಿನಲ್ಲಿ ಮಾತ್ರವಲ್ಲ, ಒಂದನ್ನು ಇನ್ನೊಂದಕ್ಕೆ ‘ಕಾರಣ’ ಎನ್ನುವಾಗ ನಾವು ಏನನ್ನು ಹೇಳುತ್ತಿದ್ದೇವೆ ಎಂಬುದರಲ್ಲೂ ಇದೆ ಎಂದು ನನಗನ್ನಿಸುತ್ತದೆ. ಆ ಗಂಟನ್ನು ಬಹಳ ಹಿಂದೆಯೇ ಹಿಡಿದು ಕೂತವರು ನಮ್ಮ ನೈಯಾಯಿಕರು.

ನ್ಯಾಯದರ್ಶನದ ಪ್ರಕಾರ ಕಾರ್ಯಕ್ಕಿಂತ ಮೊದಲು ತಪ್ಪದೆ ಇರಬೇಕಾದದ್ದು ಕಾರಣ. ಆದರೆ ಮೊದಲು ಇದ್ದದ್ದೆಲ್ಲ ಕಾರಣವಲ್ಲ. ಮಡಕೆ ಆಗುವ ಮೊದಲು ಮಣ್ಣು ಹೊತ್ತುತಂದ ಕತ್ತೆಯೂ ಅಲ್ಲೇ ಇತ್ತು, ಕುಂಬಾರನ ಅಪ್ಪನೂ ಒಂದು ಕಾಲಕ್ಕೆ ಇದ್ದ. ಕತ್ತೆಯಿಲ್ಲದೆಯೂ ಮಣ್ಣು ಬರುತ್ತದೆ, ಮಡಕೆ ಆಗುತ್ತದೆ. ಹೀಗೆ ಇದ್ದೂ ಲೆಕ್ಕಕ್ಕೆ ಬಾರದ್ದನ್ನು ‘ಅನ್ಯಥಾಸಿದ್ಧ’ ಎಂದು ಬದಿಗಿಡುತ್ತಾರೆ. (ತರ್ಕಗ್ರಂಥಗಳಲ್ಲಿ ಆ ಕತ್ತೆಗೆ ಸಿಕ್ಕಿರುವಷ್ಟು ಪ್ರಸಿದ್ಧಿ ಕುಂಬಾರನಿಗೂ ಸಿಕ್ಕಿಲ್ಲ.)

ಸುಗ್ಗಿಯ ಬಗ್ಗೆ ಯಾರನ್ನೇ ಕೇಳಿ, ಮೊದಲ ಉತ್ತರ ‘ನೀರು ಬೆಚ್ಚಗಾಗಿರಬೇಕು’ ಎಂದೇ. ಆದರೆ ವರ್ಷದ ಅತಿ ತಣ್ಣನೆಯ ಹೊತ್ತಿನಲ್ಲೇ ಸುಗ್ಗಿ ಆರಂಭವಾಗುವುದನ್ನು ಕಂಡಮೇಲೆ ಬೆಚ್ಚಗಿನ ನೀರು ಕುಂಬಾರನ ಕತ್ತೆಯ ಪಕ್ಕಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಕೆಲವೆಡೆ ಅದು ಕೈಜೋಡಿಸೀತು, ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಮತ್ತೆ ಉಳಿದದ್ದು ಯಾವುದು? ಬೆಳಕು, ಪೋಷಕಾಂಶ, ಬಿತ್ತನೆಗಾಗುವಷ್ಟು ಜೀವಕೋಶ. ಇವಿಷ್ಟಿದ್ದರೆ ಸಾಕೇ? ಸಾಲದು ಎಂದು ತೋರಿಸಿದ್ದು ಮೇನ್ ಕೊಲ್ಲಿಯ ಪಕ್ಕದ ಫಂಡಿ ಕೊಲ್ಲಿ. ಜಗತ್ತಿನ ಅತಿ ಎತ್ತರದ ಉಬ್ಬರ ಏಳುವ ಜಾಗ ಅದು. ಕೆಲವೆಡೆ ಉಬ್ಬರ ಇಳಿತಗಳ ನಡುವೆ ನೀರಿನ ಮಟ್ಟ 16 ಮೀಟರಿನಷ್ಟು ಏರಿಳಿಯುತ್ತದೆ. ಅಲ್ಲಿ ಪೋಷಕಾಂಶಕ್ಕೆ ಬರವಿಲ್ಲ, ಆದರೂ ಪಾಚಿ ತೀರ ಕಡಿಮೆ. ನಾರ್ವೆಯ ಗ್ರಾನ್ ಮತ್ತು ಬ್ರಾರುಡ್ 1935ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಸರಳ: ಉಬ್ಬರದ ರಭಸ ಕೋಶಗಳನ್ನು ಮೇಲೆ ನಿಲ್ಲಗೊಡದೆ ಮತ್ತೆ ಮತ್ತೆ ಕತ್ತಲೆಗೆ ತಳ್ಳುತ್ತದೆ, ಸಾಲದ್ದಕ್ಕೆ ನೀರು ರಾಡಿ. ಬಿಸಿಲು ಮೇಲ್ಮೈಯಲ್ಲಿದೆ, ಪಾಚಿಯ ಪಾಲಿಗೆ ಇಲ್ಲ.

ಇದೇ ಎಳೆಯನ್ನು ಲೆಕ್ಕಕ್ಕಿಳಿಸಿದವರು ನಾರ್ವೆಯವರೇ ಆದ ಹರಾಲ್ಡ್ ಸ್ವೆರ್ಡ್ರುಪ್. ನಾರ್ವೇಜಿಯನ್ ಸಮುದ್ರದಲ್ಲಿ ನೆಲೆನಿಂತಿದ್ದ ಹವಾಮಾನ ಹಡಗು ‘ಎಂ’ ತಂದ ಮಾಹಿತಿಯನ್ನು ಮುಂದಿಟ್ಟುಕೊಂಡು 1953ರಲ್ಲಿ ಅವರು ಮಂಡಿಸಿದ ವಾದ ಇದು. ಪಾಚಿ ಗಳಿಸುವುದು ಬೆಳಕಿರುವ ಮೇಲ್ಪದರದಲ್ಲಿ ಮಾತ್ರ, ಉಸಿರಾಡಿ ಕಳೆದುಕೊಳ್ಳುವುದು ಎಲ್ಲ ಆಳದಲ್ಲೂ. ಗಾಳಿ ನೀರನ್ನು ಎಷ್ಟು ಆಳದವರೆಗೆ ಕಲಕುತ್ತದೋ ಅಷ್ಟರೊಳಗೆ ಗಳಿಕೆ ಖರ್ಚನ್ನು ಮೀರಬೇಕು. ಹಾಗೆ ಮೀರಲು ಕಲಕುವ ಪದರ ಒಂದು ಗಡಿಯಾಳಕ್ಕಿಂತ ತೆಳುವಾಗಿರಬೇಕು. ವಸಂತದಲ್ಲಿ ಬಿಸಿಲು ಏರಿದಾಗ, ಹಿಮ ಕರಗಿದ ಹೊಳೆನೀರು ಉಪ್ಪುನೀರಿನ ಮೇಲೆ ಹಗುರಾಗಿ ಹರಡಿದಾಗ ಆ ಪದರ ತೆಳುವಾಗುತ್ತದೆ, ಸುಗ್ಗಿ ಶುರುವಾಗುತ್ತದೆ.

ಇಷ್ಟಾದರೆ ‘ನೀರು ಪದರಗಟ್ಟುವುದೇ ಕಾರಣ’ ಎಂದು ಮುಗಿಸಬಹುದಿತ್ತು. ಆದರೆ ಮೇನ್ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಮಲಗಿರುವ ಜಾರ್ಜಸ್ ಬ್ಯಾಂಕ್ ಎಂಬ ದಿಬ್ಬವಿದೆ. ಅದರ ನೆತ್ತಿಯಲ್ಲಿ ನೀರಿನ ಆಳ 60 ಮೀಟರಿಗಿಂತ ಕಡಿಮೆ, ಉಬ್ಬರವಿಳಿತ ವರ್ಷವಿಡೀ ನೀರನ್ನು ತಳದವರೆಗೂ ಕಲಕುತ್ತಿರುತ್ತದೆ, ಪದರಗಟ್ಟುವ ಮಾತೇ ಇಲ್ಲ. ಆದರೂ ಅಲ್ಲಿ ಸುಗ್ಗಿ ಬರುತ್ತದೆ, ಸುತ್ತಲ ಆಳದ ನೀರಿಗಿಂತ ಮುಂಚೆಯೇ ಬರುತ್ತದೆ. ಪಾಚಿಯನ್ನು ಕತ್ತಲೆಗೆ ಜಾರದಂತೆ ತಡೆಯುವ ಕೆಲಸವನ್ನು ಅಲ್ಲಿ ಕಡಲ ನೆಲವೇ ಮಾಡುತ್ತದೆ. ಹಾಗಾದರೆ ಪದರಗಟ್ಟುವುದು ಸುಗ್ಗಿಗೆ ಅನಿವಾರ್ಯವೂ ಅಲ್ಲ, ಅದೊಂದೇ ಸಾಕಾಗುವಂಥದ್ದೂ ಅಲ್ಲ. ಹಾಗೆಂದು ಅದನ್ನೂ ಕತ್ತೆಯ ಪಕ್ಕ ಕಟ್ಟಿಹಾಕಬೇಕೇ?

ಬೇಡ. ನೈಯಾಯಿಕರು ಇಲ್ಲಿ ಹೇಳುವುದು ‘ಸಾಮಗ್ರಿ’ಯ ಮಾತು. ಕಾರ್ಯವನ್ನು ಹುಟ್ಟಿಸುವುದು ಒಂಟಿ ಕಾರಣವಲ್ಲ, ಕಾರಣಗಳ ಇಡೀ ಕೂಟ. ಕೂಟ ಪೂರ್ತಿಯಾದ ಮರುಕ್ಷಣ ಕಾರ್ಯ ಹುಟ್ಟಲೇಬೇಕು. ಒಂದು ಕಡಿಮೆಯಾದರೂ ಹುಟ್ಟದು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರ ತಮ್ಮ ತರ್ಕಗ್ರಂಥದಲ್ಲಿ ಇದೇ ದಿಕ್ಕಿನಲ್ಲಿ ವಾದಿಸಿದರು. 1965ರಲ್ಲಿ ತತ್ತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ ಇದಕ್ಕೆ ಇನ್ನಷ್ಟು ಮೊನಚು ಕೊಟ್ಟರು: ನಾವು ದಿನಬಳಕೆಯಲ್ಲಿ ಕಾರಣ ಎನ್ನುವುದು ಸಾಮಾನ್ಯವಾಗಿ ಒಂದು ಕೂಟದ ಬಿಡಲಾಗದ ಸದಸ್ಯ, ಆದರೆ ಅದೇ ಕಾರ್ಯವನ್ನು ಹುಟ್ಟಿಸಬಲ್ಲ ಬೇರೆ ಕೂಟಗಳೂ ಇರಬಹುದು. ಮೇನ್‌ನ ಆಳದ ನೀರಿನಲ್ಲಿ ಪದರಗಟ್ಟುವುದು ಅಂಥ ಸದಸ್ಯ. ಜಾರ್ಜಸ್ ದಿಬ್ಬದ ಮೇಲಿನ ಕೂಟದಲ್ಲಿ ಅದಕ್ಕೆ ಜಾಗವಿಲ್ಲ.

ಜನ ಕಾರಣವೆಂದು ಬೆರಳು ತೋರಿಸುವುದು ಕೂಟಕ್ಕೆ ಕಡೆಯಲ್ಲಿ ಬಂದು ಸೇರಿದವನ ಕಡೆಗೆ. ಉತ್ತರದ ಕಡಲಲ್ಲಿ ತಡವಾಗಿ ಬರುವುದು ಬೆಳಕು. ಕಾರವಾರ, ಮಂಗಳೂರಿನ ಕಡಲಿನಲ್ಲಿ ಬಿಸಿಲಿಗೆ ಅಂಥ ಬರ ಬರುವುದಿಲ್ಲ. ಅಲ್ಲಿ ಕಾಯಬೇಕಾದದ್ದು ಮುಂಗಾರಿನ ಹೊತ್ತಿಗೆ ಆಳದಿಂದ ಮೇಲೇಳುವ ಪೋಷಕಾಂಶದ ನೀರಿಗೆ. ಒಂದೂರಿನಲ್ಲಿ ಹಿನ್ನೆಲೆಗೆ ಸರಿದದ್ದು ಇನ್ನೊಂದೂರಿನಲ್ಲಿ ಕಾರಣವೆಂಬ ಹೆಸರು ಪಡೆಯುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಇರುವವುಗಳ ಮಾತು. ಇಲ್ಲದ್ದೂ ಕಾರಣವಾಗಬಲ್ಲದೇ? ಹತ್ತನೆಯ ಶತಮಾನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದರು. ಬೆಂಕಿಯ ಬಳಿ ಒಂದು ಬಗೆಯ ಮಣಿಯನ್ನಿಟ್ಟರೆ ಅದು ಸುಡುವುದಿಲ್ಲ ಎಂಬುದು ಅಂದಿನ ವಾದಗಳಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಉದಾಹರಣೆ. ಮೀಮಾಂಸಕರು ಹೇಳಿದರು: ಬೆಂಕಿ ಹಾಗೇ ಇದೆ, ಸುಡುತ್ತಿಲ್ಲ, ಆದ್ದರಿಂದ ಬೆಂಕಿಯಲ್ಲಿ ಕಣ್ಣಿಗೆ ಕಾಣದ ‘ಶಕ್ತಿ’ ಎಂಬುದೊಂದಿದೆ, ಮಣಿ ಅದನ್ನು ಕೆಡಿಸಿದೆ. ಉದಯನರು ಒಪ್ಪಲಿಲ್ಲ. ಕಾಣದ ಶಕ್ತಿ ಯಾಕೆ ಬೇಕು? ಮಣಿ ಇಲ್ಲದಿರುವುದೂ ಸುಡುವಿಕೆಯ ಸಾಮಗ್ರಿಯಲ್ಲಿ ಒಂದು ಎಂದರೆ ಸಾಕು. ಇದೇ ಪ್ರತಿಬಂಧಕಾಭಾವ, ಅಡ್ಡಿಯ ಗೈರು. ಆದರೆ ಮಣಿ ಇದ್ದಾಗಲೂ ಅದರ ಪ್ರಭಾವವನ್ನು ಮುರಿಯುವ ಇನ್ನೊಂದನ್ನು ತಂದಿಟ್ಟರೆ ಬೆಂಕಿ ಸುಡುತ್ತದಲ್ಲ? ಅದಕ್ಕೂ ಉತ್ತರವಿತ್ತು. ಆ ಇನ್ನೊಂದು ‘ಉತ್ತೇಜಕ’. ಉತ್ತೇಜಕದ ಜೊತೆಗಿರುವ ಮಣಿ ಅಡ್ಡಿಯ ಲೆಕ್ಕಕ್ಕೇ ಬರುವುದಿಲ್ಲ.

ಇದು ಬರೀ ವಾದದ ಕಸರತ್ತು ಎನ್ನುವವರು 2010ರಲ್ಲಿ ಅಮೆರಿಕದ ಮೈಕಲ್ ಬೆಹ್ರೆನ್‌ಫೆಲ್ಡ್ ಬರೆದ ಲೇಖನವನ್ನು ನೋಡಬೇಕು. ಉತ್ತರ ಅಟ್ಲಾಂಟಿಕ್‌ನ ಆಳದ ನೀರಿನ ಉಪಗ್ರಹ ದಾಖಲೆಗಳಲ್ಲಿ ಅವರಿಗೆ ಕಂಡದ್ದು ಸ್ವೆರ್ಡ್ರುಪ್ ಲೆಕ್ಕಕ್ಕೆ ಸರಿಹೊಂದದ ಸಂಗತಿ: ಪಾಚಿಯ ಒಟ್ಟು ರಾಶಿ ಹೆಚ್ಚತೊಡಗುವುದು ವಸಂತದಲ್ಲಲ್ಲ, ನಡುಚಳಿಗಾಲದಲ್ಲಿ, ನೀರು ಅತ್ಯಂತ ಆಳದವರೆಗೆ ಕಲಕಿದ್ದಾಗ. ಪಾಚಿಯನ್ನು ಮೇಯುವ ಸೂಕ್ಷ್ಮಜೀವಿಗಳನ್ನು ಸ್ವೆರ್ಡ್ರುಪ್ ಒಂದು ಬದಲಾಗದ ನಷ್ಟವಾಗಿ ಲೆಕ್ಕದ ಮೂಲೆಗೆ ಸರಿಸಿದ್ದರು. ಬೆಹ್ರೆನ್‌ಫೆಲ್ಡ್ ಅವನ್ನು ನಡುವಿಗೆ ತಂದರು. ಚಳಿಗಾಲದ ಕಲಕಾಟ ಪಾಚಿಯನ್ನೂ ಮೇಯುವವರನ್ನೂ ಹೆಚ್ಚು ನೀರಿನಲ್ಲಿ ಚದುರಿಸುತ್ತದೆ. ನೀರು ಎರಡರಷ್ಟಾದರೆ ಒಂದು ಕೋಶಕ್ಕೆ ಮೇಯುವವನು ಎದುರಾಗುವ ಸಂಭವ ಅರ್ಧಕ್ಕಿಳಿಯುತ್ತದೆ. ಕೋಶ ಒಡೆದು ಎರಡಾಗುವುದಕ್ಕೆ ಮಾತ್ರ ನೆರೆಹೊರೆ ಬೇಕಿಲ್ಲ. ಮೇಯುವವರು ಎಲ್ಲೂ ಹೋಗಿಲ್ಲ, ಆದರೆ ಅಡ್ಡಿಯಾಗಿ ಉಳಿದಿಲ್ಲ. ಉದಯನರ ಸಂಪ್ರದಾಯದವರು ಕಲಕಾಟಕ್ಕೆ ‘ಉತ್ತೇಜಕ’ ಎಂಬ ಪಟ್ಟವನ್ನು ತಡಮಾಡದೆ ಕೊಡುತ್ತಿದ್ದರು.

ತೀರದ ಆಳವಿಲ್ಲದ ನೀರಿನಲ್ಲಿ ಇಷ್ಟು ಚದುರಲು ಜಾಗವಿಲ್ಲ. ಅಲ್ಲಿ ಚಳಿಯೇ ಬೇರೆ ದಾರಿಯಲ್ಲಿ ಆ ಕೆಲಸ ಮಾಡುತ್ತದೆಂದು ಕಾಣುತ್ತದೆ. ರೋಡ್ ಐಲೆಂಡ್‌ನ ನ್ಯಾರಗ್ಯಾನ್‌ಸೆಟ್ ಕೊಲ್ಲಿಯ ನೀರು ತುಂಬಿದ ದೊಡ್ಡ ತೊಟ್ಟಿಗಳಲ್ಲಿ ಕೆಲವನ್ನು ಬೆಚ್ಚಗೆ, ಕೆಲವನ್ನು ತಣ್ಣಗೆ ಇಟ್ಟು ಮಾಡಿದ ಪ್ರಯೋಗದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಬೆಚ್ಚಗಿನ ತೊಟ್ಟಿಗಳಲ್ಲಿ ಸುಗ್ಗಿ ಸೊರಗಿತ್ತು. ಮೇಯುವ ಪ್ರಾಣಿಗಳು ಅಲ್ಲಿ ಚುರುಕಾಗಿದ್ದವು.

ಇಲ್ಲದ್ದನ್ನು ಕಾರಣವೆಂದರೆ ಒಂದು ಆಪತ್ತಿದೆ. ಮೇನ್ ಕೊಲ್ಲಿಯಲ್ಲಿ ಆನೆಯೂ ಇಲ್ಲ, ಅದೂ ಸುಗ್ಗಿಗೆ ಕಾರಣವೇ? ನೈಯಾಯಿಕರ ಉತ್ತರ ಬಿಗಿಯಾಗಿದೆ: ಬಂದರೆ ಕಾರ್ಯವನ್ನು ತಡೆಯಬಲ್ಲದು ಎಂದು ಗೊತ್ತಿರುವುದರ ಗೈರಷ್ಟೇ ಲೆಕ್ಕಕ್ಕೆ. ಹಾಗೆ ಗೊತ್ತಾಗಬೇಕಾದರೆ ತಂದು ನೋಡಬೇಕು, ತೆಗೆದು ನೋಡಬೇಕು.

ಕಡಲವಿಜ್ಞಾನಿಗಳಾದ ಲ್ಯಾಂಡ್ರಿ ಮತ್ತು ಹ್ಯಾಸೆಟ್ 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ನಡೆಯುವುದು ಇದೇ. ವಾಷಿಂಗ್ಟನ್ ರಾಜ್ಯದ ಕರಾವಳಿಯ ನೀರಿಗೆ ಸೋಸಿದ ಕಡಲನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಬಾಟಲಿಗಳಲ್ಲಿಟ್ಟರು. ನೀರು ತೆಳುವಾದಷ್ಟೂ ಮೇಯುವಿಕೆ ಕಡಿಮೆ, ಪಾಚಿಯ ಏರಿಕೆ ಹೆಚ್ಚು. ಬಾಟಲಿಗಳ ಬಿಂದುಗಳನ್ನು ಸೇರಿಸುವ ಗೆರೆಯನ್ನು ಮುಂದಕ್ಕೆ ಎಳೆದು, ಮೇಯುವಿಕೆ ಸೊನ್ನೆಯಾಗುವ ಕಡೆ ಅದು ಎಲ್ಲಿ ಮುಟ್ಟುತ್ತದೆಂದು ನೋಡುತ್ತಾರೆ. ಅದೇ ಪಾಚಿಯ ನಿಜವಾದ ಬೆಳವಣಿಗೆಯ ದರ. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅಡ್ಡಿಯನ್ನೆಲ್ಲ ಕಳೆದ ಮೇಲೂ ಲೆಕ್ಕಕ್ಕೆ ಸಿಗುವ ಆ ದರವನ್ನು ತೋರಿಸಿ, ನಾವು ಹೇಳುತ್ತಿದ್ದ ಶಕ್ತಿ ಇದೇ ಎಂದು ಮೀಮಾಂಸಕ ಪಟ್ಟುಹಿಡಿಯಬಹುದು. ಸೊನ್ನೆಯ ಆ ಜಾಗದಲ್ಲಿ ನಿಜವಾದ ಬಾಟಲಿ ಒಂದೂ ಇಲ್ಲ, ಇರುವುದು ನೀವು ಎಳೆದ ಗೆರೆ ಮಾತ್ರ ಎಂದು ನೈಯಾಯಿಕ ತಿರುಗಿ ಹೇಳಬಹುದು. ನನ್ನ ಒಲವು ನೈಯಾಯಿಕನ ಕಡೆಗೇ, ಆದರೂ ಆ ದರವಿಲ್ಲದೆ ಕಡಲ ಪಾಚಿಯ ಲೆಕ್ಕ ಒಂದು ಹೆಜ್ಜೆಯೂ ಮುಂದೆ ಹೋಗದು.