ಅಸಲು, ಬದಲು, ನಕಲು

ಊರಿನಿಂದ ಮುಂಬಯಿಗೆ ಬರುವ ಫೋನುಗಳಲ್ಲಿ ಕುಶಲ ಪ್ರಶ್ನೆ ಮುಗಿದ ಮೇಲೆ ಒಂದು ಸಣ್ಣ ಕೆಲಸದ ಮಾತು ಬರುವುದು ನಮಗೆಲ್ಲ ಗೊತ್ತಿದ್ದದ್ದೇ. ಒಮ್ಮೆ ಔಷಧ, ಒಮ್ಮೆ ಮದುವೆಯ ಸೀರೆ, ಇನ್ನೊಮ್ಮೆ ಟ್ರ್ಯಾಕ್ಟರಿನ ಯಾವುದೋ ಬಿಡಿಭಾಗ. "ನಿಮ್ಮ ಮುಂಬಯಿಯಲ್ಲಿ ಸಿಗದ್ದು ಏನಿದೆ?" ಎಂಬ ಮಾತು ಕಿವಿಗೆ ಬಿದ್ದೊಡನೆ, ಈ ಪಟ್ಟಣವನ್ನು ನಾವೇ ಕಟ್ಟಿಸಿದವರಂತೆ ಹಿಗ್ಗುತ್ತೇವೆ. ಅರ್ಧ ದಿನ ರಜೆ ಹಾಕಿ, ಲೋಕಲ್ ಗಾಡಿ ಹಿಡಿದು, ಕುರ್ಲಾದ ಸಿ.ಎಸ್.ಟಿ. ರಸ್ತೆಗೋ ನಾಗದೇವಿ ಬೀದಿಗೋ ಹೋಗಿ ಅಂಗಡಿ ಅಂಗಡಿ ಸುತ್ತುತ್ತೇವೆ.

ಕೆಲವು ವರ್ಷಗಳ ಹಿಂದೆ, ಗದಗ ಜಿಲ್ಲೆಯಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಅಣ್ಣನಿಂದ ಬಂದ ಬೇಡಿಕೆ ಡೀಸೆಲ್ ಫಿಲ್ಟರಿನದು. ಟ್ರ್ಯಾಕ್ಟರು ಹಳೆಯದು, ಹತ್ತಿರದ ಪೇಟೆಯಲ್ಲಿ ಅದರ ಸಾಮಾನು ಬೇಗ ಸಿಗುವುದಿಲ್ಲ. ನಾವು ಹೊಕ್ಕ ಅಂಗಡಿಯವನು ಮೇಜಿನ ಮೇಲೆ ಮೂರು ಡಬ್ಬಿಗಳನ್ನಿಟ್ಟ. ಒಂದು, ಟ್ರ್ಯಾಕ್ಟರ್ ಕಂಪನಿಯ ಮುದ್ರೆ ಇದ್ದದ್ದು. ಎರಡನೆಯದು ಫಿಲ್ಟರುಗಳನ್ನೇ ತಯಾರಿಸುವ ಬೇರೊಂದು ಕಾರಖಾನೆಯದು. ಬೆಲೆ ಸ್ವಲ್ಪ ಕಡಿಮೆ. ಮೂರನೆಯದು ನೋಡಲು ಥೇಟು ಮೊದಲನೆಯದರಂತೆಯೇ. ಬಣ್ಣ ಅದೇ, ಅಕ್ಷರ ಅದೇ. ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗೆ. "ಎಲ್ಲಾ ಒಂದೇ ಸಾಹೇಬರೆ, ನೀವು ದುಡ್ಡು ಕೊಡುವುದು ಡಬ್ಬಿಗೆ" ಎಂದ ಅವನು. ನಾವು ಮೂರನೆಯದನ್ನು ಕೊಂಡೆವು. ಬಿಲ್ಲು ಕೇಳಲಿಲ್ಲ. ರಾತ್ರಿಯ ಬಸ್ಸಿನಲ್ಲಿ ಅದನ್ನು ಕಳುಹಿಸಿ, ಅಣ್ಣನಿಗೆ ಫೋನು ಮಾಡಿ, "ಕಂಪನಿಯದೇ ಸಿಕ್ಕಿತು" ಎಂದೆವು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ಹುಟ್ಟಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ಮರುವರ್ಷದ ಜೂನಿನಲ್ಲಿ, ಹೆಸರು ಬಿತ್ತುವ ಹೊತ್ತಿಗೆ ಸರಿಯಾಗಿ ಎಂಜಿನ್ನು ಎಳೆಯಲಾರದೆ ನಿಂತಿತು. ಡೀಸೆಲ್ ಪಂಪನ್ನು ಬಿಚ್ಚಿ ಪೇಟೆಗೆ ಒಯ್ದು ರಿಪೇರಿ ಮಾಡಿಸಿ ತರುವುದರೊಳಗೆ ನಾಲ್ಕು ದಿನ ಕಳೆದವು. ಎರೆಭೂಮಿಯ ಹದ ಯಾರಿಗಾಗಿಯೂ ಕಾಯುವುದಿಲ್ಲ. ಬಾಡಿಗೆಯ ಟ್ರ್ಯಾಕ್ಟರು ಸಿಕ್ಕು ಅರ್ಧ ಹೊಲ ಬಿತ್ತಿದ್ದಾಯಿತು. ಉಳಿದರ್ಧದಲ್ಲಿ ಹದ ಆರಿಹೋಗಿತ್ತು. ಪಂಪು ಸವೆದಿದೆ ಎಂದ ಮೇಸ್ತ್ರಿ, ಕಾರಣ ಹೇಳುವಾಗ ಪ್ರಾಮಾಣಿಕನಾಗಿದ್ದ. "ಫಿಲ್ಟರಿನ ದೋಷವಿರಬಹುದು, ಕ್ಯಾನಿನಲ್ಲಿ ತಂದ ಡೀಸೆಲ್ಲಿನ ಕಸವಿರಬಹುದು, ಪಂಪಿಗೆ ವಯಸ್ಸೂ ಆಗಿದೆ" ಎಂದ. ಹೀಗಾಗಿ ಫಿಲ್ಟರಿನ ಅಪರಾಧ ಸಿದ್ಧವಾಗಲಿಲ್ಲ. ಸಿದ್ಧವಾಗಿ ಉಳಿದದ್ದು ಒಂದೇ: ನಾವು ಅಣ್ಣನಿಗೆ ಸುಳ್ಳು ಹೇಳಿದ್ದೆವು.

ಆಗಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅಸಲಿ ಎಂದರೆ ಯಾವುದು? ಅಗ್ಗದ್ದನ್ನು ಕೊಳ್ಳುವುದು ತಪ್ಪೆ? ತಪ್ಪಾದರೆ, ಅದು ಎಲ್ಲಿಂದ ತಪ್ಪಾಗುತ್ತದೆ?

ಮೊದಲು ಆ ವಸ್ತುವಿನ ಕೆಲಸವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಡೀಸೆಲ್ ಎಂಜಿನ್ನಿನ ಇಂಧನ ಪಂಪಿನೊಳಗೆ ಒಂದು ಉಕ್ಕಿನ ಕಡ್ಡಿ ಒಂದು ಉಕ್ಕಿನ ನಳಿಗೆಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಇವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನಿನಷ್ಟು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಮರಳಿನ ಕಣವೊಂದು ಆ ಸಂದಿಗೆ ಸಿಕ್ಕರೆ ಉಕ್ಕನ್ನು ಗೀರುತ್ತದೆ. ನೀರು ಸೇರಿದರೆ ತುಕ್ಕು ಹಿಡಿಸುತ್ತದೆ. ಇವೆರಡನ್ನೂ ತಡೆಯಲೆಂದು, ರಾಳ ಕುಡಿಸಿದ ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಡಬ್ಬಿಯೊಳಗೆ ಇಡುತ್ತಾರೆ. ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಇದಕ್ಕೆ ಮುಂಚೆ ಬಟ್ಟೆಯದೊಂದು ಸೋಸುಕವೂ ಉಂಟು. ಕಾಗದದ ರಂಧ್ರ ಎಷ್ಟು ಸೂಕ್ಷ್ಮ, ಅಂಟು ಎಷ್ಟು ಗಟ್ಟಿ, ಅಂಚಿನ ರಬ್ಬರು ಸರಿಯಾಗಿ ಕೂತಿದೆಯೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದಾವುದೂ ಅಂಗಡಿಯ ಮೇಜಿನ ಮೇಲೆ ಕಾಣುವಂಥದಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಒಳ್ಳೆಯ ಫಿಲ್ಟರು ಕಸವನ್ನು ಹಿಡಿಯುತ್ತ ಹಿಡಿಯುತ್ತ ತಾನೇ ಕಟ್ಟಿಕೊಳ್ಳುತ್ತದೆ. ಆಗ ಎಂಜಿನ್ನು ಮಿಡುಕುತ್ತದೆ, ರೈತ ಬೈದುಕೊಂಡು ಅದನ್ನು ಬದಲಿಸುತ್ತಾನೆ. ಕೆಟ್ಟ ಫಿಲ್ಟರು ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ತಾನು ಹಗುರಾಗಿರುತ್ತದೆ. ಎಂಜಿನ್ನು ಸಲೀಸಾಗಿ ಓಡುತ್ತದೆ. "ನೋಡು, ಅಗ್ಗದ್ದೇ ಚೆನ್ನಾಗಿದೆ" ಎಂದು ನಾವು ಬೀಗುತ್ತೇವೆ. ಅದರ ನಿಜವಾದ ಬಿಲ್ಲು ತಿಂಗಳುಗಳ ಮೇಲೆ, ಪಂಪಿನ ಹೆಸರಿನಲ್ಲಿ ಬರುತ್ತದೆ. ಅಷ್ಟರಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬ ಜಾಡೇ ಅಳಿಸಿಹೋಗಿರುತ್ತದೆ. ನಾವು ಕೊಳ್ಳುವ ವಸ್ತುಗಳಲ್ಲಿ ಕೆಲವನ್ನು ಕಣ್ಣಿನಿಂದ ಪರೀಕ್ಷಿಸಬಹುದು, ಕೆಲವನ್ನು ನಂಬಿಕೆಯಿಂದಲೇ ಕೊಳ್ಳಬೇಕು. ಫಿಲ್ಟರು ಈ ಎರಡನೆಯ ಜಾತಿಯದು. ಅಂದಮೇಲೆ ನಂಬುವುದು ಯಾರನ್ನು ಎಂಬುದೇ ಮುಖ್ಯ ಪ್ರಶ್ನೆ.

"ಕಂಪನಿಯನ್ನು" ಎಂದು ಥಟ್ಟನೆ ಉತ್ತರ ಬರುತ್ತದೆ. ಆದರೆ ಕಂಪನಿ ಎಂದರೇನು? ನಮ್ಮ ಕಾಂದಿವಲಿಯನ್ನೇ ನೋಡಿ. ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಕೂಡಿ 1963ರಲ್ಲಿ ಸ್ಥಾಪಿಸಿದ ಟ್ರ್ಯಾಕ್ಟರ್ ಕಂಪನಿಯ ಕಾರಖಾನೆ ಅಲ್ಲಿ ಬೆಳೆಯಿತು. 1977ರಲ್ಲಿ ಅದು ಮಹೀಂದ್ರಾದೊಳಗೆ ವಿಲೀನವಾಯಿತು. ಅಲ್ಲಿ ಮೊದಮೊದಲು ತಯಾರಾದ ಬಿ-275 ಟ್ರ್ಯಾಕ್ಟರಿನ ಮೂಲ ನಕ್ಷೆ ಆ ವಿದೇಶಿ ಕಂಪನಿಯದು. ಇನ್ನು ನಮ್ಮ ದೇಶದ ಡೀಸೆಲ್ ಎಂಜಿನ್ನುಗಳಿಗೆ ಪಂಪುಗಳನ್ನು ದಶಕಗಳ ಕಾಲ ಒದಗಿಸಿದ ಒಂದು ದೊಡ್ಡ ಹೆಸರು ಬೆಂಗಳೂರಿನ ಮೈಕೋ. 1951ರಲ್ಲಿ ಆರಂಭವಾದ ಆ ಸಂಸ್ಥೆ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ಟ್ರ್ಯಾಕ್ಟರ್ ಕಂಪನಿಗಳು ಟಯರನ್ನಾಗಲಿ, ಬೇರಿಂಗನ್ನಾಗಲಿ, ಫಿಲ್ಟರನ್ನಾಗಲಿ ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಮಾಡುವವರಿಂದ ತರಿಸಿ, ಪರೀಕ್ಷಿಸಿ, ತಮ್ಮ ಮುದ್ರೆ ಒತ್ತುತ್ತಾರೆ. ಹೀಗಾಗಿ ಒಂದೇ ಕಾರಖಾನೆಯ ಮಾಲು ಎರಡು ಡಬ್ಬಿಗಳಲ್ಲಿ ಎರಡು ಬೆಲೆಗೆ ಮಾರಾಟವಾಗುವುದೂ ಉಂಟು. ಆದ್ದರಿಂದ ಅಸಲು ಎಂಬುದು ಹುಟ್ಟಿನ ಮಾತಲ್ಲ, ಹೊಣೆಯ ಮಾತು. "ಇದು ಕೆಟ್ಟರೆ ನನ್ನನ್ನು ಕೇಳು" ಎಂದು ಒಬ್ಬರು ಮುಂದೆ ಬಂದು ನಿಲ್ಲುವುದು. ಹೆಚ್ಚಿನ ದುಡ್ಡು ಕೊಡುವುದು ಆ ಮಾತಿಗೆ.

ಹಾಗೆಂದು ಅಸಲಿನವರೆಲ್ಲ ಸತ್ಯಹರಿಶ್ಚಂದ್ರರು ಎಂದೇನೂ ಭಾವಿಸಬೇಕಾಗಿಲ್ಲ. ಬಿಡಿಭಾಗಗಳು ಹೊರಗಿನ ಮಾರುಕಟ್ಟೆಯಲ್ಲಿ ಸರಾಗವಾಗಿ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿಗಳು ಅದನ್ನು ಪ್ರಶ್ನಿಸಿ ಮೇಲಿನ ಮೆಟ್ಟಿಲು ಹತ್ತಿದವು. ಅದು ಕಾರುಗಳ ಮಾತು, ಟ್ರ್ಯಾಕ್ಟರಿನದಲ್ಲ. ಆದರೂ "ನಮ್ಮದೇ ಕೊಳ್ಳಿ" ಎಂಬ ಉಪದೇಶದ ಹಿಂದೆ ಎಂಜಿನ್ನಿನ ಹಿತದ ಜೊತೆಗೆ ಬೇರೆಯ ಹಿತವೂ ಇರಬಹುದೆಂದು ಅದರಿಂದ ತಿಳಿಯುತ್ತದೆ.

ಬದಲು ಮಾಲು ಕೀಳು ಎನ್ನುವವರಿಗೆ ನಮ್ಮ ಮುಂಬಯಿಯೇ ಒಂದು ಉತ್ತರ ಕೊಟ್ಟಿದೆ. 1935ರಲ್ಲಿ ಇಲ್ಲಿ ಸ್ಥಾಪನೆಯಾದ ಸಿಪ್ಲಾ ಸಂಸ್ಥೆ, 2001ರಲ್ಲಿ ಏಡ್ಸ್ ರೋಗಿಗಳ ಮೂರು ಔಷಧಗಳನ್ನು ಒಬ್ಬರಿಗೆ ವರ್ಷಕ್ಕೆ 350 ಡಾಲರಿನಂತೆ ಸೇವಾಸಂಸ್ಥೆಗಳಿಗೆ ಕೊಡಲು ಮುಂದಾಯಿತು. ಮೂಲ ಕಂಪನಿಗಳ ಅದೇ ಚಿಕಿತ್ಸೆಗೆ ಪಾಶ್ಚಾತ್ಯ ದೇಶಗಳಲ್ಲಿ 10,000 ಡಾಲರಿಗೂ ಹೆಚ್ಚು ಬೀಳುತ್ತಿತ್ತು. ಆ ಬದಲು ಔಷಧದಿಂದ ಆಫ್ರಿಕದಲ್ಲಿ ಎಷ್ಟೋ ಮನೆಗಳ ದೀಪ ಉಳಿಯಿತು. ಆದರೆ ಒಂದು ಮಾತು: ಸಿಪ್ಲಾ ತನ್ನ ಔಷಧವನ್ನು ಸಿಪ್ಲಾ ಎಂಬ ಹೆಸರಿನಲ್ಲಿಯೇ ಮಾರಿತು.

ನಮ್ಮವರ ಹೋಟೆಲುಗಳಲ್ಲಿಯೂ ಇದೇ ನ್ಯಾಯ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅನಂತರ ಈ ಪಟ್ಟಣದ ಮೂಲೆ ಮೂಲೆಯಲ್ಲಿ ನಮ್ಮವರು ಊಟದ ಮನೆಗಳನ್ನು ಇಟ್ಟರು. ಅದೇ ಸಾರು, ಅದೇ ಪಲ್ಯ; ಆದರೂ ತಮ್ಮ ಫಲಕದ ಕೆಳಗೆ, ತಮ್ಮ ಹೆಸರಿನಲ್ಲಿ ಬಡಿಸುವವರನ್ನು ಯಾರೂ ನಕಲಿ ಎನ್ನಲಿಲ್ಲ. ಸಾರು ಕೆಟ್ಟರೆ ಬೈಗುಳ ಅವರ ಪಾಲಿಗೆ, ಚೆನ್ನಾಗಿದ್ದರೆ ಕೀರ್ತಿಯೂ ಅವರ ಪಾಲಿಗೆ. ಇನ್ನೊಬ್ಬರ ಫಲಕವನ್ನು ಕದ್ದು ತೂಗುಹಾಕಿದರೆ ಮಾತ್ರ ಅದು ನಕಲು. ನಕಲಿನ ದೋಷ ಅಗ್ಗವಾಗಿರುವುದರಲ್ಲಿಲ್ಲ. ಕೆಟ್ಟಾಗ ಕೇಳಲು ಅಲ್ಲಿ ಯಾರೂ ಇಲ್ಲದಿರುವುದೇ ಅದರ ದೋಷ.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಪೊಟ್ಟಣದ ಸಾಮಾನುಗಳ ಕುರಿತ 2011ರ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಬೆಲೆ, ದೂರಿಗೆ ಸಂಪರ್ಕಿಸುವ ಬಗೆ ಇರಬೇಕು. ಇನ್ನೊಬ್ಬರ ಮುದ್ರೆಯನ್ನು ಸುಳ್ಳಾಗಿ ಒತ್ತುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ಅಪರಾಧ. ದೋಷವಿರುವ ಮಾಲಿನಿಂದ ಹಾನಿಯಾದರೆ ತಯಾರಿಸಿದವರನ್ನೂ ಮಾರಿದವರನ್ನೂ ಹೊಣೆ ಹಿಡಿಯಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿದೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡ ವಸ್ತುವಿಗೂ ಅದು ಅನ್ವಯಿಸುತ್ತದೆ. ಆದರೆ ಬಿಲ್ಲೇ ಇಲ್ಲದವನು ಯಾವ ಬಾಯಿಂದ ಕೇಳಬೇಕು? ನಾವು ಉಳಿಸಿದ ನಾಲ್ಕು ಕಾಸಿನ ಜೊತೆಗೆ, ಅಣ್ಣನ ಕೇಳುವ ಹಕ್ಕನ್ನೂ ಆ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆವು.

ಇಷ್ಟು ಹೇಳಿದ ಮೇಲೂ ಕಷ್ಟದ ಪ್ರಶ್ನೆ ಉಳಿದೇ ಇದೆ. ಬ್ಯಾಂಕಿನ ಕಂತು, ಬೀಜ, ಗೊಬ್ಬರ, ಮಗಳ ಶಾಲೆಯ ಫೀಜು ಎಲ್ಲವೂ ಒಂದೇ ತಿಂಗಳಲ್ಲಿ ಎದುರು ನಿಂತಾಗ ರೈತ ಅಗ್ಗದ್ದನ್ನು ಹುಡುಕಿದರೆ ಅವನಿಗೆ ನೀತಿ ಬೋಧಿಸುವ ಅಧಿಕಾರ ನಮಗಿಲ್ಲ. ತಿಳಿದೂ ತಿಳಿದೂ "ಈ ವರ್ಷ ಇದರಲ್ಲೇ ದಾಟಿಸುತ್ತೇನೆ" ಎಂದರೆ, ಅದು ಅವನ ಎಂಜಿನ್ನು, ಅವನ ಹೊಲ, ಅವನ ಲೆಕ್ಕಾಚಾರ. ಆ ಆಯ್ಕೆಯಲ್ಲಿ ಸೋಲಿರಬಹುದು, ಪಾಪವಿಲ್ಲ. ಪಾಪ ಹುಟ್ಟುವುದು, ಆರಿಸುವವನು ಒಬ್ಬ, ಅನುಭವಿಸುವವನು ಇನ್ನೊಬ್ಬ ಆದಾಗ. ಉಳಿತಾಯ ನಮ್ಮ ಜೇಬಿಗೆ, ಅಪಾಯ ಅಣ್ಣನ ಹೊಲಕ್ಕೆ. ನಡುವೆ ಆರುನೂರು ಚಿಲ್ಲರೆ ಕಿಲೋಮೀಟರಿನ ಅಂತರ. ಆ ಅಂತರದಲ್ಲಿ ನಮ್ಮ ಕಣ್ಣಿಗೆ ಎರೆಹೊಲವೂ ಕಾಣಲಿಲ್ಲ, ಜೂನ್ ತಿಂಗಳ ಮೋಡವೂ ಕಾಣಲಿಲ್ಲ. ಕಂಡದ್ದು ಬೆಲೆಯ ಚೀಟಿ ಮಾತ್ರ.

ಊರು ಬಿಟ್ಟು ಬಂದ ನಮಗೆ ಈ ಅಪಾಯ ತುಸು ಹೆಚ್ಚೇ ಎನ್ನಬೇಕು. ಊರಿನವರ ಪರವಾಗಿ ನಾವು ಎಷ್ಟೋ ತೀರ್ಮಾನಗಳನ್ನು ಮಾಡುತ್ತೇವೆ. ತಾಯಿಗೆ ಯಾವ ಆಸ್ಪತ್ರೆ, ಮನೆಗೆ ಯಾವ ಹಂಚು, ತಮ್ಮನ ಮಗನಿಗೆ ಯಾವ ಕೋರ್ಸು. ದುಡ್ಡು ನಮ್ಮದೆಂಬ ಒಂದು ಕಾರಣದಿಂದ ಮಾತೂ ನಮ್ಮದೇ ಆಗಿಬಿಡುತ್ತದೆ. ಮಿತವ್ಯಯ ಒಳ್ಳೆಯ ಗುಣವೇ. ಈ ಪಟ್ಟಣದಲ್ಲಿ ಒಂದು ಕೋಣೆಯ ಚಾಳಿನಲ್ಲಿ ಸಂಸಾರ ಹೂಡಿ, ಮಕ್ಕಳನ್ನು ಓದಿಸಿ, ಊರಿಗೂ ಕಳುಹಿಸಿದ ನಮ್ಮ ಹಿರಿಯರಿಗೆ ಅದರ ಬೆಲೆ ಗೊತ್ತಿತ್ತು. ಆದರೆ ಅವರು ಮಿತವ್ಯಯ ಮಾಡಿದ್ದು ತಮ್ಮ ಊಟದಲ್ಲಿ, ತಮ್ಮ ಬಟ್ಟೆಯಲ್ಲಿ. ಇನ್ನೊಬ್ಬರ ಅಪಾಯದಲ್ಲಿ ಮಾಡುವ ಉಳಿತಾಯಕ್ಕೆ ಆ ಹೆಸರು ಒಪ್ಪುವುದಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಣ್ಣನಿಗೆ ಎಲ್ಲವನ್ನೂ ಹೇಳಿದೆವು. ಅವನು ಸಿಟ್ಟಾಗಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಗ್ಗದ್ದು ಅಂತ ಹೇಳಿದ್ರೆ ನಾನೂ ಅದನ್ನೇ ತಗೋ ಅಂತಿದ್ನೋ ಏನೋ. ಆದ್ರ ಡೀಸೆಲ್ನ ಅರಿವೆಯೊಳಗ ಸೋಸಿ ಹಾಕ್ತಿದ್ದೆ, ಬಿತ್ತಿಗಿಂತ ಮೊದಲ ಒಮ್ಮೆ ಬದಲಿಸ್ತಿದ್ದೆ" ಎಂದ. ತಿಳಿದಿದ್ದರೆ ಅವನು ಎಚ್ಚರದಿಂದಿರುತ್ತಿದ್ದ. "ಕಂಪನಿಯದೇ" ಎಂಬ ನಮ್ಮ ಒಂದು ಮಾತಿನ ಭರವಸೆ ಆ ಎಚ್ಚರವನ್ನೂ ಕಸಿದುಕೊಂಡಿತ್ತು.

ಈ ಸಲ ಮತ್ತೆ ಫಿಲ್ಟರು ಬೇಕೆಂದು ಫೋನು ಬಂದಾಗ ಅಂಗಡಿಯಿಂದಲೇ ಅವನಿಗೆ ಎರಡು ಡಬ್ಬಿಗಳ ಚಿತ್ರ ಕಳುಹಿಸಿ, ಎರಡರ ಬೆಲೆಯನ್ನೂ ತಯಾರಕರ ಹೆಸರನ್ನೂ ಓದಿ ಹೇಳಿದೆವು. ಅವನು ಬದಲು ಮಾಲನ್ನೇ ಆರಿಸಿದ. ಹೆಸರು ವಿಳಾಸವಿದ್ದ ಕಾರಖಾನೆಯದು. ಬಿಲ್ಲನ್ನು ಡಬ್ಬಿಯೊಳಗಿಟ್ಟು ಕಳುಹಿಸಿದೆವು. ಆ ಬಿಲ್ಲನ್ನು ಅವನು ಟ್ರ್ಯಾಕ್ಟರಿನ ಕಾಗದಪತ್ರಗಳ ಜೊತೆಗೆ ಇಟ್ಟುಕೊಂಡಿದ್ದಾನಂತೆ.