ಸವೆದ ನಳಿಗೆಯ ಲೆಕ್ಕ

ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್‌ನ ಬೇಟೆಯ ಕತೆಗಳನ್ನು ಓದಿ ಬೆಳೆದವರಿಗೆ ಅವನ .405 ವಿಂಚೆಸ್ಟರ್ ರೈಫಲ್ಲೂ ಒಂದು ಪಾತ್ರವೇ. ಬೇಟೆಗಾರರ ಬರಹದಲ್ಲಿ ಬಿದ್ದ ಹುಲಿ, ಚಿರತೆಗಳ ಲೆಕ್ಕ ಇರುತ್ತದೆ. ನಳಿಗೆಯಿಂದ ಒಟ್ಟು ಎಷ್ಟು ಈಡು ಹೊರಟವು ಎಂಬುದು ಇರುವುದು ಅಪರೂಪ. ಆ ಲೆಕ್ಕ ಇಡುವುದು ನಳಿಗೆ. ತಗುಲಿದ್ದು, ತಪ್ಪಿದ್ದು, ಅಭ್ಯಾಸಕ್ಕೆ ಹೊಡೆದದ್ದು, ಅದಕ್ಕೆ ಎಲ್ಲವೂ ಒಂದೇ.

ನಾನು ಬಂದೂಕು ಹಿಡಿದವನಲ್ಲ. ಖಚಿತವಾದ ಎಲ್ಲೆಯಿಲ್ಲದ ಪದಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವವನಿಗೆ 'ಸವೆದ ನಳಿಗೆ' ಎಂಬ ಮಾತು ಸಿಕ್ಕಿತು, ಅದರ ಬೆನ್ನು ಹತ್ತಿದೆ.

1935ರಲ್ಲಿ ಬಂದ .220 ಸ್ವಿಫ್ಟ್ ಎಂಬ ತೋಟಾದ ಗುಂಡು ಸೆಕೆಂಡಿಗೆ 1,200 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ, ಶಬ್ದದ ವೇಗದ ಮೂರೂವರೆ ಪಟ್ಟು. ನಳಿಗೆಗಳನ್ನು ಬೇಗ ಸುಟ್ಟುಹಾಕುತ್ತದೆ ಎಂಬ ಅಪಖ್ಯಾತಿಯೂ ಅದಕ್ಕಿದೆ. ಉರಿದ ಮದ್ದಿನ ಅನಿಲದ ತಾಪ ಉಕ್ಕು ಕರಗುವ ತಾಪಕ್ಕಿಂತ ಬಹಳ ಮೇಲಿರುತ್ತದೆ. ಅದು ತಾಗುವುದು ಕ್ಷಣಮಾತ್ರವಾದ್ದರಿಂದ ನಳಿಗೆ ಕರಗುವುದಿಲ್ಲ, ಒಳಮೈ ಮಾತ್ರ ಬೇಯುತ್ತದೆ. ಸವೆತ ಶುರುವಾಗುವುದು ತೋಟಾ ಕೂರುವ ಜಾಗದ ಮುಂದೆಯೇ, ನಳಿಗೆಯ ಗಂಟಲಿನಲ್ಲಿ. ಅಲ್ಲಿ ಸಣ್ಣ ಸಣ್ಣ ಬಿರುಕುಗಳೇಳುತ್ತವೆ. ದೊಡ್ಡಬಳ್ಳಾಪುರದ ಕಡೆ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ನೋಡಿದ್ದರೆ ಸಾಕು, ಚಿತ್ರ ಅದೇ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ. ಮೂರು ಸಾವಿರ ಈಡಿಗೆ ಸವೆಯುವ ನಳಿಗೆ ದುಡಿದದ್ದು ಒಟ್ಟು ಮೂರು ಸೆಕೆಂಡು!

(ನಮ್ಮ ಕಡೆ ಬೆಳೆ ಕಾಯಲು ಪರವಾನಗಿ ಪಡೆದ ಜೋಡಿನಳಿಗೆ ಕೋವಿಗಳಿಗೆ ಈ ಕಾಯಿಲೆ ಇಲ್ಲವೆನ್ನುವಷ್ಟು ಕಡಿಮೆ. ಅವುಗಳ ಚರೆಗೆ ಅಷ್ಟು ವೇಗವಿಲ್ಲ. ಚುನಾವಣೆ ಬಂದಾಗ ಠಾಣೆಯಲ್ಲಿ ಕೂತು ಬರುವುದೇ ಅವಕ್ಕೆ ದೊಡ್ಡ ಪ್ರಯಾಣ.)

ಅತಿವೇಗದ ರೈಫಲ್ಲಿನ ಪರ ಹೇಳುವ ನೈತಿಕ ಮಾತು ಒಂದಿದೆ: ಗುಂಡು ನೇರ ಹೋಗುತ್ತದೆ, ಗುರಿ ತಪ್ಪುವುದು ಕಡಿಮೆ, ಪ್ರಾಣಿ ನರಳದೆ ಸಾಯುತ್ತದೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ದಯೆಯನ್ನು ಸಾಧ್ಯವಾಗಿಸುವ ಬೆಂಕಿಯೇ ದಯೆಯ ಉಪಕರಣವನ್ನು ತಿನ್ನುತ್ತದೆ. ಸವೆದ ನಳಿಗೆ ಸಿಡಿಯುವುದಿಲ್ಲ, ಸದ್ದು ಬದಲಿಸುವುದಿಲ್ಲ. ಒಂದೇ ಕಡೆ ಬೀಳುತ್ತಿದ್ದ ಗುಂಡುಗಳು ಸ್ವಲ್ಪ ಸ್ವಲ್ಪವೇ ಚದುರತೊಡಗುತ್ತವೆ. ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ, ದವಡೆಗೆ ಬೀಳುತ್ತದೆ. ಸವೆತ ನನ್ನ ಕೈಯಲ್ಲಿರುವ ವಸ್ತುವಿನದು. ಅದು ಮೊದಲು ಕಾಣುವುದು ಇನ್ನೊಂದು ಜೀವದ ಮೈಮೇಲೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಅಂಥ ಗಾಯಕ್ಕೆ ನಡುಗಿದ ಕೈ ಕಾರಣವಾಗಬಹುದು, ಸವೆದ ನಳಿಗೆಯೂ ಆಗಬಹುದು. ಬೆಲೆ ತೆತ್ತವರು ಆ ಬೆಟ್ಟದ ಹಳ್ಳಿಗಳ ಜನ.

ಹಾಗಾದರೆ ಯಾವ ಈಡಿಗೆ ನಿಲ್ಲಿಸಬೇಕು? ಕ್ರಿಸ್ತಪೂರ್ವ 4ನೇ ಶತಮಾನದ ಯೂಬುಲಿಡೀಸ್‌ನ ಹೆಸರಿನಲ್ಲಿ ಒಂದು ಒಗಟಿದೆ. ಅದನ್ನು ನಮ್ಮ ಕಣಕ್ಕೆ ತಂದರೆ ಹೀಗೆ: ರಾಗಿ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತ ಹೋದರೆ ಅದು ರಾಶಿಯಲ್ಲದಾಗುವುದು ಯಾವ ಕಾಳಿಗೆ? ಯಾವ ಕಾಳಿಗೂ ಅಲ್ಲ ಎನಿಸುತ್ತದೆ. ನಳಿಗೆಯೂ ಹಾಗೇ. ಯಾವ ಒಂದು ಈಡೂ ಅದನ್ನು ಕೆಡಿಸುವುದಿಲ್ಲ, ಆದ್ದರಿಂದ ಇನ್ನೊಂದು ಹೊಡೆಯಬಹುದು ಎಂಬ ವಾದ ಪ್ರತಿಸಲವೂ ಸರಿಯಾಗಿಯೇ ಕೇಳಿಸುತ್ತದೆ. ತರಗತಿಯಲ್ಲಿ ಇದು ತರ್ಕದ ತಮಾಷೆ. ಕಾಡಿನಲ್ಲಿ ಅಲ್ಲ.

ಗುರಿಸ್ಪರ್ಧೆಗಳಿಗೆ ಹೋಗುವ ಶಿಸ್ತಿನವರು ಪ್ರತಿ ಈಡನ್ನೂ ಪುಸ್ತಕದಲ್ಲಿ ಬರೆದಿಟ್ಟು, ಇಷ್ಟಾದ ಮೇಲೆ ನಳಿಗೆ ಬದಲಿಸುತ್ತೇನೆಂದು ಮೊದಲೇ ನಿರ್ಧರಿಸಿಕೊಳ್ಳುತ್ತಾರೆ. ಆ ಸಂಖ್ಯೆ ಒಂದಿಷ್ಟು ಅತ್ತಿತ್ತ ಆಗಿದ್ದರೂ ನಡೆಯುತ್ತಿತ್ತು, ಅದರಲ್ಲಿ ಪಾವಿತ್ರ್ಯವೇನಿಲ್ಲ. ಆದರೂ ನನಗೆ ಅದೇ ಪ್ರಾಮಾಣಿಕವಾಗಿ ಕಾಣುತ್ತದೆ. ಎದುರಿಗೆ ಪ್ರಾಣಿ ನಿಂತಾಗ 'ಇನ್ನೂ ಪರವಾಗಿಲ್ಲ' ಎನ್ನುವ ಮನಸ್ಸನ್ನು ಅದು ನಂಬುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಕೋವಿಗಳು ಉಳಿದವು. ಕೊಡಗಿನಲ್ಲಿ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಅಲ್ಲಿ ಸವೆದ ನಳಿಗೆಯಿಂದ ಗುರಿ ತಪ್ಪಿದರೆ ಕಾಯಿ ಹಾಗೇ ನಿಂತಿರುತ್ತದೆ, ಮುಂದಿನವರ ಸರದಿ ಬರುತ್ತದೆ.